ಕೊಕ್ಕೆಯ ಮೇಲಿನ ಕಪ್ಪು ಚುಕ್ಕೆ

೧೯೮೮ರ ಖಂಡೇನವಮಿಯ ದಿನ ನಾನು ಮಾಡಿದ ಒಂದು ಸಣ್ಣ ಕೆಲಸದಿಂದಾಗಿ, ಅದಾದ ಹನ್ನೆರಡನೆಯ ದಿನ ನನ್ನ ಗುರುಗಳ ಪ್ರಾಣ ಹೋಗುವುದರಲ್ಲಿತ್ತು. ಹೋಗದಂತೆ ತಡೆದವನು ನಮ್ಮ ಪ್ರಯೋಗಾಲಯದ ಅಟೆಂಡರ್ ಸಾಬಣ್ಣ. ಅವತ್ತು ನಾನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಎಲ್ಲವನ್ನೂ ನೋಡಿದೆ. ಇಷ್ಟು ವರ್ಷಗಳ ಮೇಲೂ ಒಮ್ಮೊಮ್ಮೆ ರೊಟ್ಟಿ ಬಡಿಯುತ್ತಿರುವಾಗ, ಬಸ್ಸಿನಲ್ಲಿ ಕೂತಿರುವಾಗ, ಯಾವ ಕಾರಣವೂ ಇಲ್ಲದೆ ಅದು ಕಣ್ಣ ಮುಂದೆ ಬರುತ್ತದೆ. ಗಾಜಿನ ಕೊಳವೆ, ಗುರುಗಳ ಬಲಗೈ, ಇವೆರಡರ ನಡುವೆ ಎರಡು ಬೆರಳಿನಷ್ಟು ಜಾಗ.

ನಾನು ಆಳಂದದವಳು. ಎಂ.ಎಸ್ಸಿ. ಮುಗಿಸಿ ಅಫಜಲಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿ ಸೇರಿ ಆಗ ಎರಡನೆಯ ವರ್ಷ. ವಿಭಾಗದ ಮುಖ್ಯಸ್ಥರು ಶರಣಪ್ಪ ಸರ್. ಬಿ.ಎಸ್ಸಿ.ಯಲ್ಲಿ ನನಗೆ ಪಾಠ ಹೇಳಿದವರು. ಸಹೋದ್ಯೋಗಿ ಆದಮೇಲೂ ನಾನು ಅವರೆದುರು ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಅವರು ನನ್ನನ್ನು "ತಂಗಿ" ಎಂದೇ ಕರೆಯುತ್ತಿದ್ದರು.

ಆ ವರ್ಷ ಮಳೆಗಾಲದಲ್ಲಿ ನಮ್ಮ ಕಾಲೇಜಿಗೆ ಒಂದು ಹೀಲಿಯಂ-ನಿಯಾನ್ ಲೇಸರ್ ಬಂತು. ಸರ್ ನಾಲ್ಕು ವರ್ಷ ಅರ್ಜಿ ಬರೆದು ಬರೆದು ತರಿಸಿದ ವಸ್ತು ಅದು. ಗುಲ್ಬರ್ಗಾದಿಂದ ಬಸ್ಸಿನಲ್ಲಿ ತಂದರು. ಗಾಜಿನ ಕೊಳವೆಯಿದ್ದ ಪೆಟ್ಟಿಗೆಯನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ತಬ್ಬಿದ್ದರಂತೆ. ಗಾಣಗಾಪುರಕ್ಕೆ ಹೊರಟಿದ್ದ ಅಜ್ಜಿಯೊಬ್ಬಳು ನೋಡಿ ನೋಡಿ, "ಒಳಗ ಯಾವ ದೇವರದರಿ ಯಪ್ಪಾ, ಇಷ್ಟು ಜ್ವಾಕಿ ಮಾಡಾಕತ್ತೀರಿ?" ಎಂದು ಕೇಳಿದಳಂತೆ. ಸರ್ ತಮಾಷೆಗೆ "ಬೆಳಕಿನ ದೇವರವ್ವಾ" ಎಂದರು. ಅಜ್ಜಿ ಪೆಟ್ಟಿಗೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಇಳಿಯುವ ತನಕ ಅದರ ಕಡೆಗೆ ಕಾಲು ಚಾಚಲಿಲ್ಲ. ಈ ಕಥೆಯನ್ನು ಸರ್ ಎಲ್ಲರಿಗೂ ಹೇಳಿ ನಗುತ್ತಿದ್ದರು.

ಯಂತ್ರ ನೋಡಲು ದೊಡ್ಡದೇನಲ್ಲ. ಒಂದು ಮೊಳ ಉದ್ದದ ಗಾಜಿನ ಕೊಳವೆ. ಅದರೊಳಗೆ ಎರಡು ಅನಿಲ, ಹೀಲಿಯಂ ಮತ್ತು ನಿಯಾನ್. ಕೊಳವೆಯ ಎರಡೂ ತುದಿಗೆ ಓರೆಯಾಗಿ ಕೂರಿಸಿದ ತೆಳು ಗಾಜು. ಕಬ್ಬಿಣದ ಹಳಿಯೊಂದರ ಮೇಲೆ ಕೊಳವೆಯನ್ನು ನಿಲ್ಲಿಸಿ, ಆಚೆಗೊಂದು ಈಚೆಗೊಂದು ಪುಟ್ಟ ಕನ್ನಡಿ ಇಡಬೇಕು. ಪಕ್ಕದಲ್ಲಿ ಒಂದು ಭಾರವಾದ ಪವರ್ ಸಪ್ಲೈ ಪೆಟ್ಟಿಗೆ. ಗೋಡೆಯ ಸಾಧಾರಣ ವಿದ್ಯುತ್ತನ್ನು ಅದು ಸಾವಿರಾರು ವೋಲ್ಟಿಗೆ ಏರಿಸಿ ಕೊಳವೆಗೆ ಕಳಿಸುತ್ತಿತ್ತು.

ಸರ್ ಇದರ ಪಾಠ ಮಾಡುತ್ತಿದ್ದ ರೀತಿಯನ್ನು ನಾನು ಮರೆತಿಲ್ಲ. ಕಪ್ಪು ಹಲಗೆಯ ಮೇಲೆ ಶಕ್ತಿಮಟ್ಟಗಳ ಗೆರೆ ಎಳೆದು ಬಾಣ ಹಾಕಿದರೆ ನಮ್ಮ ಹುಡುಗರು ತೂಕಡಿಸುತ್ತಿದ್ದರು. ಅದಕ್ಕೆ ಸರ್ ಹಮಾಲರು ಚೀಲ ಹೊರುವ ಜೇವರ್ಗಿಯ ತೊಗರಿ ಮಂಡಿಯನ್ನೇ ಕ್ಲಾಸಿಗೆ ತಂದರು. ಇಬ್ಬರನ್ನು ಎದುರುಬದುರು ಬೆಂಚಿನ ಮೇಲೆ ಹತ್ತಿಸಿ, ಒಬ್ಬನ ಹೆಗಲಿಗೆ ಪುಸ್ತಕ ತುಂಬಿದ ಚೀಲ ಹೊರಿಸಿದರು.

"ಇವ ಹೀಲಿಯಂ, ಅವ ನಿಯಾನ್. ಕೊಳವಿಯೊಳಗ ಓಡೋ ಎಲೆಕ್ಟ್ರಾನ್ ಬಂದು ಹೀಲಿಯಂಗ ಡಿಕ್ಕಿ ಹೊಡೀತದ. ಆ ಏಟಿಗೆ ಹೀಲಿಯಂದ ಎಲೆಕ್ಟ್ರಾನು ಮ್ಯಾಲಿನ ಮಟ್ಟಕ್ಕ ಏರತದ. ಇದ ಚೀಲ. ಹೀಲಿಯಂ ಅದನ್ನ ಹೊತ್ತು ನಿಂದಿರತದ, ಬೇಗ ಇಳಿಸಂಗಿಲ್ಲ. ನಿಯಾನ್ ಹತ್ರ ಬಂತು. ಅದರ ಒಂದು ಮಟ್ಟ ಸರಿಯಾಗಿ ಅಷ್ಟ ಎತ್ತರಕ್ಕದ. ಹೆಗಲಿಗೆ ಹೆಗಲು ಸಮ. ಹೂಂ, ದಾಟಸು!"

ಹೀಲಿಯಂ ಆಗಿದ್ದವನು ಚೀಲ ದಾಟಿಸಿದ. ನಿಯಾನ್ ಆದವನು ಅದನ್ನು ಕೆಳಗಿನ ಸ್ಟೂಲಿಗೆ ಇಳಿಸಿದಾಗ ಇಡೀ ಕ್ಲಾಸು ಒಂದು ಚಪ್ಪಾಳೆ ಹೊಡೆಯಬೇಕು. ಆ ಚಪ್ಪಾಳೆಯೇ ಬೆಳಕು. "ಎತ್ತರ ಎಷ್ಟೋ ಬಣ್ಣ ಅಷ್ಟು. ಬೆಂಚಿನಿಂದ ಸ್ಟೂಲಿಗೆ ಇಳಿದ್ರ ಕೆಂಪು. ಮತ್ತ ಒಬ್ಬ ಹೊಡೆದ ಚಪ್ಪಾಳಿ ಕೇಳಿ ಇನ್ನೊಬ್ಬ ಅದೇ ತಾಳಕ್ಕ ಹೊಡೀಬೇಕು, ಭಜನಿಯೊಳಗ ಹೊಡೀತಾರಲ್ಲ ಹಂಗ. ಆ ಬೆಳಕು ಎರಡು ಕನ್ನಡಿ ನಡುವ ಹೋಗಿ ಬಂದು, ಹೋಗಿ ಬಂದು ಬೆಳೀತದ. ನಡುವ ಒಂದಿಷ್ಟು ಹೊಲಸು ಬಂದ್ರೂ ಭಜನಿ ಮುರೀತು."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸಾಬಣ್ಣ ಅವತ್ತು ಒಂದು ಮಾತು ಹೇಳಿದ. "ಸರ್, ಹೀಲಿಯಂ ನಮ್ಮ ಜಾತೀದು ಅದ ಅಲ್ರಿ. ಹೊರೋದು ಅದು, ಹೊಳೆಯೋದು ಮತ್ತೊಬ್ಬ."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಸರ್ ಕೂಡ ನಕ್ಕು, "ಪರೀಕ್ಷಾದಾಗ ಇಷ್ಟು ಬರೆದ್ರ ಪಾಸು ಮಾಡ್ತೇನಿ, ನೋಡ್ರಿ" ಎಂದರು.

ಸಾಬಣ್ಣ ಜೇವರ್ಗಿ ಕಡೆಯ ಇಜೇರಿಯವನು. ಐವತ್ತರ ಹತ್ತಿರದ ವಯಸ್ಸು. ಬಲಗೈಯಲ್ಲಿ ಎರಡು ಬೆರಳಿರಲಿಲ್ಲ. ಕಬ್ಬಿನ ಗಾಣಕ್ಕೆ ಸಿಕ್ಕಿದ್ದು ಎಂದು ಹುಡುಗರು ಮಾತಾಡಿಕೊಳ್ಳುತ್ತಿದ್ದರು, ಅವನು ಹೌದೆಂದೂ ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ. ಅವನದೊಂದು ವಿಚಿತ್ರ ಪದ್ಧತಿ ಇತ್ತು. ಲ್ಯಾಬಿನ ಬಾಗಿಲ ಹಿಂದೆ ಒಂದು ಬಿದಿರಿನ ಕೋಲು ಇಟ್ಟಿದ್ದ. ಕೋಲಿನ ತುದಿಗೆ ಹಿತ್ತಾಳೆಯ ಕೊಕ್ಕೆ. ಕೊಕ್ಕೆಗೆ ಕಟ್ಟಿದ ಉದ್ದನೆಯ ಸರಪಳಿಯ ಇನ್ನೊಂದು ತುದಿ ಗೋಡೆಯ ಬುಡದಲ್ಲಿ ನೆಲಕ್ಕಿಳಿದಿದ್ದ ಅರ್ಥಿಂಗ್ ಪಟ್ಟಿಗೆ ಬಿಗಿದಿತ್ತು. ಯಾವ ವಿದ್ಯುತ್ ಉಪಕರಣಕ್ಕಾಗಲಿ, ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೂ ಕೊಕ್ಕೆಯನ್ನು ಅದರ ತಂತಿಗಳಿಗೆ ಮುಟ್ಟಿಸಿಯೇ ಕೈ ಹಚ್ಚುತ್ತಿದ್ದ. ಹಾಗೆ ಮುಟ್ಟಿಸುವಾಗ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದ.

ಹುಡುಗರಿಗೆ ಇದು ದಿನದ ತಮಾಷೆ. "ಸಾಬಣ್ಣಾ, ಥರ್ಮಾಮೀಟರಿಗೂ ಸರಪಳಿ ಹಾಕೇನು?" ಎಂದು ಕೆಣಕುತ್ತಿದ್ದರು.

"ಹಾಕ್ತೇನಿ. ನಿನ್ನ ಬಾಯಿಗೂ ಹಾಕ್ತೇನಿ, ಬಾ ಇಲ್ಲಿ" ಎನ್ನುತ್ತಿದ್ದ ಸಾಬಣ್ಣ.

ಅವರ ಜೊತೆ ನಾನೂ ನಗುತ್ತಿದ್ದೆ. ಇದನ್ನು ಮುಚ್ಚಿಡಬಾರದು.

ಖಂಡೇನವಮಿಯ ದಿನ ಕಾಲೇಜಿನಲ್ಲಿ ಆಯುಧಪೂಜೆ. ಸರ್ ಪ್ರಿನ್ಸಿಪಾಲರ ಕೋಣೆಯ ಪೂಜೆಗೆ ಹೋಗಿದ್ದರು. ಲ್ಯಾಬಿನ ಪೂಜೆ ನನ್ನ ಮತ್ತು ಸಾಬಣ್ಣನ ಪಾಲಿಗೆ ಬಂತು. ಬಟ್ಟಲಲ್ಲಿ ವಿಭೂತಿ ನೆನೆಸಿಕೊಂಡು ತಕ್ಕಡಿ, ಗ್ಯಾಲ್ವನೋಮೀಟರು, ನಿರ್ವಾತ ಪಂಪು ಎಲ್ಲಕ್ಕೂ ಮೂರು ಬೆರಳಿನ ಗೆರೆ ಎಳೆಯುತ್ತ ಬಂದೆ. ಆಳಂದದ ಮನೆಯಲ್ಲಿ ಅಪ್ಪನ ಅಂಗಡಿಯ ತಕ್ಕಡಿಗೂ ಅವ್ವನ ಹೊಲಿಗೆ ಯಂತ್ರಕ್ಕೂ ಹೀಗೆ ಎಳೆದು ಎಳೆದು ರೂಢಿಯಾದ ಕೈ. ಲೇಸರ್ ಎದುರು ಬಂದಾಗ ಮಾತ್ರ ನಿಂತೆ.

"ಇದರ ಹಣಿ ಎಲ್ಲದ ಸಾಬಣ್ಣಾ?"

"ಬೆಳಕು ಹೊರಗ ಬರೋ ಬಾಯಿ ಅದಲ್ರಿ, ಅಲ್ಲೇ ಹಚ್ಚರಿ."

ಕೊಳವೆಯ ತುದಿಯ ಓರೆ ಗಾಜಿನ ಮೇಲೆ ಒಂದೇ ಬೆರಳಿನಿಂದ ಸಣ್ಣಗೆ ಹಚ್ಚಿದೆ.

"ಆ ಕಡೀಗೂ ಹಚ್ಚರಿ ಅಕ್ಕೋರ. ಒಂದು ಕಡಿ ಹಚ್ಚಿ ಒಂದು ಕಡಿ ಬಿಟ್ರ ಸಿಟ್ಟಿಗೇಳತದ."

ನಗುತ್ತ ಆ ತುದಿಗೂ ಹಚ್ಚಿದೆ. ಆ ಓರೆ ಗಾಜಿನ ಮೇಲೆ ಧೂಳಿನ ಕಣ ಕೂರಬಾರದೆಂದು ಎಂ.ಎಸ್ಸಿ. ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಬಂದವಳು ನಾನು. ಬರೆದ ಕೈಗೂ ಹಚ್ಚಿದ ಕೈಗೂ ಅವತ್ತು ಪರಿಚಯವೇ ಇದ್ದಂತಿರಲಿಲ್ಲ. ಕಾಯಿ ಒಡೆದೆವು, ಪ್ರಸಾದದ ಮಂಡಾಳು ಹಂಚಿದೆವು, ಬಾಗಿಲು ಹಾಕಿ ದಸರಾ ರಜೆಗೆ ಮನೆಗೆ ಹೋದೆವು.

ರಜೆ ಮುಗಿದ ಮೇಲೆ ಪ್ರಿನ್ಸಿಪಾಲರು ಸುತ್ತಲಿನ ಹೈಸ್ಕೂಲುಗಳ ಮಾಸ್ತರರನ್ನೂ ಹತ್ತನೇ ತರಗತಿಯ ಒಂದಷ್ಟು ಮಕ್ಕಳನ್ನೂ ಲೇಸರ್ ನೋಡಲು ಕರೆದರು. ಬೆಳಗಿನ ಹನ್ನೊಂದು ಗಂಟೆ. ಕಿಟಕಿಗಳಿಗೆ ಜಮಖಾನ ಕಟ್ಟಿ ಕೋಣೆಯನ್ನು ಕತ್ತಲು ಮಾಡಿದ್ದೆವು. ನಲವತ್ತು ಜನ ಒತ್ತಿಕೊಂಡು ನಿಂತಿದ್ದರು. ಒಳಗಿನದೆಲ್ಲ ಮಕ್ಕಳಿಗೆ ಕಾಣಲಿ ಎಂದು ಸರ್ ಕೊಳವೆಯ ಮೇಲಿನ ಮುಚ್ಚಳ ತೆಗೆಸಿದ್ದರು. ಹೈ ವೋಲ್ಟೇಜಿನ ತಂತಿ ಬಂದು ಸೇರುವ ಲೋಹದ ಮೊಳೆ, ತುದಿಯ ಗಾಜಿನಿಂದ ಎರಡೇ ಬೆರಳು ದೂರದಲ್ಲಿ, ಬರಿದಾಗಿ ಕಾಣುತ್ತಿತ್ತು.

ಸರ್ ಸ್ವಿಚ್ ಹಾಕಿದರು. ಕೊಳವೆ ಜಗ್ಗನೆ ಹೊತ್ತಿಕೊಂಡಿತು. ಕಿತ್ತಳೆ ಕೆಂಪಿನ ಆ ಹೊಳಪಿಗೆ ಮಕ್ಕಳೆಲ್ಲ "ಓ" ಎಂದರು. ಆದರೆ ಎದುರಿನ ಗೋಡೆಗೆ ಅಂಟಿಸಿದ ಬಿಳಿ ಹಾಳೆಯ ಮೇಲೆ ಬರಬೇಕಾದ ಕೆಂಪು ಚುಕ್ಕೆ ಬರಲಿಲ್ಲ. ಸರ್ ಕನ್ನಡಿಯ ತಿರುಪು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಅರ್ಧ ಗಂಟೆಯಾಯಿತು. ಅವರ ಅಂಗಿ ಬೆನ್ನಿಗೆ ಅಂಟಿತ್ತು.

"ಚುಕ್ಕಿ ಎಲ್ಲದರಿ ಸರ್?" ಎಂದು ಯಾರೋ ಒಬ್ಬ ಮಾಸ್ತರರು ಕೇಳಿದರು.

ಪ್ರಿನ್ಸಿಪಾಲರು ಸುಮ್ಮನಿರುವವರಲ್ಲ. "ಶರಣಪ್ಪನವರು ನಾಕು ವರ್ಷ ಬಡದಾಡಿ ಗುಲ್ಬರ್ಗಾದಿಂದ ಟ್ಯೂಬ್‌ಲೈಟ್ ತಂದಾರ" ಎಂದರು. ಎಲ್ಲರೂ ನಕ್ಕರು. ಸರ್ ಸಹ ನಕ್ಕರು, ಆದರೆ ಅವರ ಕಿವಿ ಕೆಂಪಾಗಿದ್ದು ಕೊಳವೆಯ ಬೆಳಕಿನಲ್ಲಿ ನನಗೆ ಕಂಡಿತು.

ಅಷ್ಟರಲ್ಲಿ ಕರೆಂಟ್ ಹೋಯಿತು. ಕೊಳವೆ ಆರಿತು. ಕತ್ತಲಲ್ಲಿ ಶಿಳ್ಳೆ, ಗದ್ದಲ. ಪ್ರಿನ್ಸಿಪಾಲರು ಚಹಾ ತರಲು ಸಾಬಣ್ಣನನ್ನು ಕಳಿಸಿದರು. ಯಾರೋ ಒಂದು ಕಿಟಕಿಯ ಜಮಖಾನ ಎತ್ತಿದರು. ಬಿಸಿಲಿನ ಕೋಲೊಂದು ಸೀದಾ ಬಂದು ಕೊಳವೆಯ ತುದಿಯ ಮೇಲೆ ಬಿತ್ತು.

ಗಾಜಿನ ಮೇಲೆ ಬೆಳ್ಳಗೆ ಒಂದು ಬೆರಳಿನ ಗುರುತು ಹೊಳೆಯಿತು.

ಅದು ನನ್ನದೇ ಬೆರಳಿನ ಗುರುತು. ಎಲ್ಲ ಅರ್ಥವಾಯಿತು. ಹೀಲಿಯಂ ಹೊರುತ್ತಿತ್ತು, ನಿಯಾನ್ ಇಳಿಸುತ್ತಿತ್ತು, ಹೊಳಪೂ ಇತ್ತು. ಆದರೆ ಕನ್ನಡಿಯಿಂದ ಕನ್ನಡಿಗೆ ಓಡಾಡಬೇಕಾದ ಬೆಳಕು ಪ್ರತಿ ಸಲವೂ ನನ್ನ ವಿಭೂತಿಯಲ್ಲಿ ಸೋರಿಹೋಗುತ್ತಿತ್ತು. "ಸರ್, ಅದು ನಾನೇ" ಎನ್ನಲು ಒಂದು ಹೆಜ್ಜೆ ಮುಂದಿಟ್ಟೆ. ನಲವತ್ತು ಜನ ನಿಂತಿದ್ದರು. ಎಂ.ಎಸ್ಸಿ. ಓದಿದ ಹೆಣ್ಣುಮಗಳು ಲೇಸರಿಗೆ ವಿಭೂತಿ ಹಚ್ಚಿದಳಂತೆ ಎಂದು ಜೇವರ್ಗಿಯಿಂದ ಆಳಂದದ ತನಕ ಸುದ್ದಿಯಾಗುತ್ತದೆ ಎನಿಸಿತು. ಆಮೇಲೆ, ಸರ್ ಒಬ್ಬರೇ ಇದ್ದಾಗ ಹೇಳೋಣ ಎಂದುಕೊಂಡು ಬಾಯಿ ಮುಚ್ಚಿದೆ.

ಆ ಗುರುತು ಸರ್ ಅವರಿಗೂ ಕಂಡಿತು. "ಇಕಾ, ಸಿಕ್ತು ಕಳ್ಳ! ಗಾಜಿಗೆ ಏನೋ ಹತ್ತೇದ. ತಂಗಿ, ಸ್ಪಿರಿಟ್ ಮತ್ತ ಹತ್ತಿ ತಾ."

ತಂದುಕೊಟ್ಟೆ. "ಸ್ವಿಚ್ ಆಫ್ ಮಾಡ್ಲೇನ್ರಿ ಸರ್?" ಎಂದೆ.

"ಕರೆಂಟೇ ಇಲ್ಲವಾ ತಂಗಿ. ಇದ್ದಂಗ ಇರಲಿ, ಬಂದ ಕೂಡಲೇ ತೋರ್ಸಾಕ ಛಲೋ ಆಗ್ತದ."

ಅವರು ಹೇಳಿದ್ದು ನನಗೂ ಸರಿಯೆನಿಸಿತು. ನಮ್ಮ ಊರುಗಳಲ್ಲಿ ಕರೆಂಟ್ ಹೋಯಿತೆಂದರೆ ಎಲ್ಲ ಯಂತ್ರಗಳೂ ಸತ್ತವು ಎಂದೇ ಲೆಕ್ಕ. ಮಿಕ್ಸರ್ ಬಿಚ್ಚುವುದು, ಮೋಟಾರಿನ ಪೆಟ್ಟಿಗೆ ತೆರೆಯುವುದು, ಫ್ಯಾನ್ ಒರೆಸುವುದು ಎಲ್ಲ ಕರೆಂಟ್ ಹೋದಾಗಲೇ. ಪವರ್ ಸಪ್ಲೈ ಪೆಟ್ಟಿಗೆಯೊಳಗೆ ಕೆಪಾಸಿಟರ್ ಇದೆ, ಹೊರಗಿನ ವಿದ್ಯುತ್ ಹೋದರೂ ಅದು ತನ್ನ ಪಾಲನ್ನು ಹಿಡಿದಿಟ್ಟುಕೊಂಡಿರುತ್ತದೆ ಎಂದು ಪ್ರತಿ ವರ್ಷ ಪ್ರಯೋಗ ಮಾಡಿಸುತ್ತಿದ್ದವರು ನಾವಿಬ್ಬರೇ. ಇಬ್ಬರಿಗೂ ಅದು ಹೊಳೆಯಲಿಲ್ಲ.

ಸರ್ ಬಗ್ಗಿದರು. ಎಡಗೈಯನ್ನು ಕಬ್ಬಿಣದ ಹಳಿಯ ಮೇಲೆ ಊರಿದರು. ಬಲಗೈಯಲ್ಲಿ ತೊಟ್ಟಿಕ್ಕುತ್ತಿದ್ದ ಹತ್ತಿ. ಬೆವರಿದ ಕೈ. ಎಡಗೈಯಿಂದ ಬಲಗೈಗೆ ಹೋಗುವ ದಾರಿ ಎದೆಯ ಮೂಲಕವೇ ಹೋಗುತ್ತದೆ ಎಂಬುದನ್ನು ನಾನು ಆಮೇಲೆ ಎಷ್ಟು ಸಲ ನೆನೆಸಿಕೊಂಡಿದ್ದೇನೋ.

ಬಾಗಿಲಲ್ಲಿ ಸಾಬಣ್ಣ ಕಾಣಿಸಿಕೊಂಡ. ಕೈಯಲ್ಲಿ ಚಹಾದ ಕಿಟಲಿ.

"ಸರ್! ಕೈ ತಗೀರಿ! ಕೈ!"

ಸರ್ ತಿರುಗಲಿಲ್ಲ. "ನಿಂದ್ರೋ ಸಾಬಣ್ಣಾ, ಒಂದ ನಿಮಿಷ" ಎಂದರು.

ಕಿಟಲಿ ಬಿದ್ದ ಸದ್ದು ಕೇಳಿತು. ಬಿಸಿ ಚಹಾ ನನ್ನ ಪಾದಕ್ಕೆ ಹಾರಿತು. ಸಾಬಣ್ಣ ಬಾಗಿಲ ಹಿಂದಿನ ಕೋಲು ಎಳೆದುಕೊಂಡು, ಜನರ ನಡುವೆ ನುಗ್ಗಿ, ಸರ್ ಅವರ ಬಲ ಮಣಿಕಟ್ಟಿಗೆ ಬೀಸಿ ಹೊಡೆದ. ಹತ್ತಿ ಮೂಲೆಗೆ ಹಾರಿತು. ಸರ್ "ಅಯ್ಯಪ್ಪಾ" ಎಂದು ಹಿಂದಕ್ಕೆ ವಾಲಿ ಕುರ್ಚಿಯ ಮೇಲೆ ಬಿದ್ದರು. ಅವರ ಕನ್ನಡಕ ನೆಲಕ್ಕೆ ಬಿದ್ದು ಒಂದು ಗಾಜು ಒಡೆಯಿತು.

ಅಟೆಂಡರ್ ಒಬ್ಬ, ನಲವತ್ತು ಜನರೆದುರು, ವಿಭಾಗದ ಮುಖ್ಯಸ್ಥರನ್ನು ಕೋಲಿನಿಂದ ಹೊಡೆದಿದ್ದ.

"ಏ ಸಾಬಣ್ಣಾ! ತಲಿ ಕೆಟ್ಟದೇನು ನಿಂದು?" ಪ್ರಿನ್ಸಿಪಾಲರು ಕೂಗಿದರು. "ಯಾರಿಗೆ ಹೊಡದೀದಿ ಗೊತ್ತದೇನಲೇ? ಇವತ್ತೇ ಮನಿಗೆ ಕಳಸ್ತೇನಿ ನಿನ್ನ!"

ಸಾಬಣ್ಣ ಅವರ ಕಡೆ ನೋಡಲೇ ಇಲ್ಲ. "ಎಲ್ಲಾರೂ ಹಿಂದ ಸರೀರಿ" ಎಂದ. ಸ್ವಿಚ್ ಆರಿಸಿ ಪ್ಲಗ್ ಕಿತ್ತ. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಕೋಲನ್ನು ಮುಂದೆ ಚಾಚಿ, ಕೊಕ್ಕೆಯನ್ನು ಆ ಲೋಹದ ಮೊಳೆಗೆ ಮುಟ್ಟಿಸಿದ.

ಛಟ್!

ದೀಪಾವಳಿಯ ಪಟಾಕಿ ಕಿವಿಯ ಹತ್ತಿರವೇ ಸಿಡಿದಂತಾಯಿತು. ನೀಲಿ ಬಿಳುಪಿನ ಕಿಡಿ ಕೋಣೆಯ ಎಲ್ಲ ಮುಖಗಳನ್ನೂ ಒಮ್ಮೆ ಬೆಳಗಿ ಹೋಯಿತು. ಮಕ್ಕಳು ಕಿರುಚಿಕೊಂಡರು. ಸುಟ್ಟ ವಾಸನೆ. ಸಾಬಣ್ಣ ಸ್ವಲ್ಪ ತಡೆದು ಮತ್ತೊಮ್ಮೆ ಮುಟ್ಟಿಸಿದ. ಈ ಸಲ 'ಟಿಕ್' ಎಂದು ಸಣ್ಣ ಸದ್ದು. ಮೂರನೆಯ ಸಲ ಏನೂ ಇಲ್ಲ. ಕೊಕ್ಕೆಯನ್ನು ಅಲ್ಲೇ ತೂಗುಬಿಟ್ಟು, "ಈಗ ಸತ್ತದ" ಎಂದ.

ಕರೆಂಟ್ ಹೋಗಿ ಆಗಲೇ ಐದು ನಿಮಿಷವಾಗಿತ್ತು.

ಸರ್ ಮೂಲೆಯಲ್ಲಿ ಬಿದ್ದಿದ್ದ ಒದ್ದೆ ಹತ್ತಿಯನ್ನು ನೋಡುತ್ತಿದ್ದರು. ಆಮೇಲೆ ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. "ನೀರು ಕೊಡ್ರಿ" ಎಂದರು. ಕುಡಿದದ್ದು ಅರ್ಧ, ಅಂಗಿಯ ಮೇಲೆ ಚೆಲ್ಲಿಕೊಂಡದ್ದು ಅರ್ಧ.

ಅಲ್ಲಿಯ ತನಕ ಗಟ್ಟಿಯಾಗಿ ನಿಂತಿದ್ದ ಸಾಬಣ್ಣ ಆಗ ನೆಲದ ಮೇಲೆ, ಚೆಲ್ಲಿದ ಚಹಾದಲ್ಲೇ ಕೂತುಬಿಟ್ಟ. "ತಪ್ಪಾತ್ರಿ ಸರ್. ಹೊಡದೆ ನಿಮಗ. ಕೂಗಿದ್ರ ಕೇಳಲಿಲ್ಲ ನೀವು."

ಸರ್ ಎದ್ದು ಬಂದು ಅವನ ಪಕ್ಕ ಕೂತರು. ಆ ಎರಡು ಬೆರಳಿಲ್ಲದ ಕೈಯನ್ನು ಹಿಡಿದುಕೊಂಡರು. ಹೇಳಿದ್ದು ಇಷ್ಟು: "ಇನ್ನೊಂದು ಹೊಡಿ ಸಾಬಣ್ಣಾ. ಈ ಸರ್ತಿ ತಲಿ ಮ್ಯಾಲೆ ಹೊಡಿ. ಬುದ್ಧಿ ಇರೋ ಜಾಗ ಅದ ಅಂತಾರ."

ಯಾರೋ ನಕ್ಕರು. ನಾನು ಅತ್ತೆ.

ಅವತ್ತು ಸಾಬಣ್ಣ ತನ್ನ ಬೆರಳಿನ ಕಥೆ ಹೇಳಿದ. ಕಾಲೇಜಿಗೆ ಬರುವ ಮೊದಲು ಅವನು ವಿದ್ಯುತ್ ಕಂಬ ನಿಲ್ಲಿಸುವ ಗ್ಯಾಂಗಿನಲ್ಲಿ ದಿನಗೂಲಿ ಕೆಲಸ ಮಾಡುತ್ತಿದ್ದ. ಜೊತೆಗೆ ಮಲ್ಲಪ್ಪ ಎಂಬ ಅವನ ಸೋದರಮಾವನ ಮಗ. ಒಂದು ದಿನ ಲೈನ್ ಬಂದ್ ಆಗಿದೆ ಎಂದು ಕೆಳಗಿನಿಂದ ಯಾರೋ ಕೂಗಿದರು. ಸರಪಳಿ ಹಾಕಿ ನೋಡುವುದು ನಿಯಮ. ಊಟದ ಹೊತ್ತಾಗಿತ್ತು, ಸರಪಳಿ ಗಾಡಿಯಲ್ಲಿ ಉಳಿದಿತ್ತು, ತರಲು ಹೋಗಲಿಲ್ಲ. ಮಲ್ಲಪ್ಪ ಮೊದಲು ಹತ್ತಿದ, ಸಾಬಣ್ಣ ಹಿಂದೆ.

"ನನ್ನವು ಎರಡು ಬೆರಳು ಹೋದವು. ಅವ ಪೂರಾ ಹೋದ" ಎಂದ ಸಾಬಣ್ಣ. "ಬಂದ್ ಆಗ್ಯಾದ ಅಂತ ಕೂಗಿದವ ಸುಳ್ಳು ಹೇಳಿದ್ದಿಲ್ರಿ. ಅವಗೂ ಹಂಗೇ ಅನಿಸಿತ್ತು. ಅದಕ್ಕ ನಾ ಯಾರ ಮಾತೂ ಕೇಳಂಗಿಲ್ಲ. ಸರಪಳಿನೇ ಕೇಳ್ತೇನಿ."

ನಾವು ಎರಡು ವರ್ಷ ನಕ್ಕಿದ್ದು ಇದಕ್ಕೆ.

ಜನ ವರಾಂಡಾಕ್ಕೆ ಹೋದ ಮೇಲೆ ನಾನು ಸರ್ ಎದುರು ನಿಂತು ಎಲ್ಲ ಹೇಳಿದೆ. ವಿಭೂತಿ ಹಚ್ಚಿದ್ದು, ಬಿಸಿಲಿನಲ್ಲಿ ಅದು ಕಂಡದ್ದು, ಕಂಡರೂ ಸುಮ್ಮನಿದ್ದದ್ದು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಒಡೆದ ಕನ್ನಡಕವನ್ನು ಒರೆಸುತ್ತ, "ಹಚ್ಚಿದ್ದಕ್ಕ ನಾ ಏನೂ ಅನ್ನಂಗಿಲ್ಲ ತಂಗಿ. ಬಸ್ಸಿನಾಗ ಇದು ದೇವರು ಅಂತ ಹೇಳಿದವ ನಾನೇ. ಆದರ ಹೇಳದ ನಿಂತೆಲ್ಲ, ಅದು ಬ್ಯಾಡ. ಲ್ಯಾಬಿನಾಗ ನಾಚಿಕಿ ಇಟ್ಕೊಬ್ಯಾಡ" ಎಂದರು.

ಬಾಗಿಲಿನಿಂದ ಸಾಬಣ್ಣ ಹೇಳಿದ. "ಅರ್ಧ ತಪ್ಪು ನಂದು ಅದರಿ ಸರ್. ಆ ಕಡೀಗೂ ಹಚ್ಚರಿ ಅಂದವ ನಾನೇ."

ಮಧ್ಯಾಹ್ನ ಎರಡರ ಸುಮಾರಿಗೆ ಕರೆಂಟ್ ಬಂತು. ಅಷ್ಟರಲ್ಲಿ ಸರಪಳಿಯ ಕೊಕ್ಕೆ ತೂಗುತ್ತಿರುವಂತೆಯೇ ನಾನು ಎರಡೂ ಗಾಜನ್ನು ಒರೆಸಿ, ಮುಚ್ಚಳ ಹಾಕಿದ್ದೆ. ಒಂದು ಮಗುವೂ ಮನೆಗೆ ಹೋಗಿರಲಿಲ್ಲ. ಸರ್ ಅವರ ಬಲಗೈ ಮಣಿಕಟ್ಟು ಊದಿತ್ತು. ಅವರು ಸಾಬಣ್ಣನನ್ನು ಕರೆದು, "ನೀ ಹಾಕು ಸ್ವಿಚ್" ಎಂದರು. ಸಾಬಣ್ಣ ಕೊಕ್ಕೆ ತೆಗೆದು, ಎಲ್ಲರನ್ನೂ ದೂರ ನಿಲ್ಲಿಸಿ, ಸ್ವಿಚ್ ಹಾಕಿದ. ಸರ್ ಎಡಗೈಯಿಂದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು.

ಹಾಳೆಯ ಮೇಲೆ ಕೆಂಪು ಚುಕ್ಕೆ ಬಂತು. ಕುಂಕುಮದ ಬೊಟ್ಟಿನಷ್ಟು. ಅಲುಗಾಡದೆ ನಿಂತಿತ್ತು. ಅಂಥ ಕೆಂಪನ್ನು ಆ ಮಕ್ಕಳು ನೋಡಿರಲಿಲ್ಲ, ನಾನೂ ಅವತ್ತಿನಂತೆ ಮತ್ತೆ ನೋಡಿಲ್ಲ. ಪ್ರಿನ್ಸಿಪಾಲರು ಮೊದಲ ಚಪ್ಪಾಳೆ ಹೊಡೆದರು. ಆಮೇಲೆ ಸಾಬಣ್ಣನ ಹತ್ತಿರ ಹೋಗಿ, ಸಣ್ಣ ದನಿಯಲ್ಲಿ, "ಮನಿಗೆ ಕಳಸ್ತೇನಿ ಅಂದಿದ್ದೆ. ನಡಿ, ನನ್ನ ಮನಿಗೆ ಊಟಕ್ಕ ನಡಿ" ಎಂದರು. ಅದು ಅವರಿಗೆ ಬರುತ್ತಿದ್ದ ಕ್ಷಮೆ ಕೇಳುವ ರೀತಿ.

ಮರುದಿನ ಸರ್ ಮತ್ತು ನಾನು ಪವರ್ ಸಪ್ಲೈ ಬಿಚ್ಚಿದೆವು, ಸಾಬಣ್ಣನ ಕೊಕ್ಕೆ ತೂಗುಹಾಕಿಯೇ. ಸ್ವಿಚ್ ಆರಿದ ಮೇಲೆ ಕೆಪಾಸಿಟರನ್ನು ಮೆಲ್ಲಗೆ ಬರಿದು ಮಾಡಬೇಕಾದ ಒಂದು ಪುಟ್ಟ ರೆಸಿಸ್ಟರ್ ಒಳಗೆ ಸುಟ್ಟು ಕರಕಲಾಗಿತ್ತು. ಯಾವಾಗ ಸುಟ್ಟಿತ್ತೋ ಯಾರಿಗೆ ಗೊತ್ತು. ಅದು ಸುಟ್ಟರೂ ಯಂತ್ರ ಎಂದಿನಂತೆ ನಡೆಯುತ್ತದೆ, ಹೊಳಪೂ ಕಡಿಮೆಯಾಗುವುದಿಲ್ಲ. ಹಿಂದಿನ ತಿಂಗಳುಗಳಲ್ಲಿ ನಾನು ಆ ಕೊಳವೆಯನ್ನು ಎಷ್ಟೋ ಸಲ ಮುಟ್ಟಿ ಸರಿಸಿದ್ದೆ. ಪ್ರತಿ ಸಲವೂ ನನಗಿಂತ ಮೊದಲು ಸಾಬಣ್ಣ ಬಂದು ಕೊಕ್ಕೆ ಮುಟ್ಟಿಸಿ ಹೋಗಿರುತ್ತಿದ್ದ. ಈ ಲೆಕ್ಕ ತಲೆಗೆ ಹೊಳೆದಾಗ ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಸರ್ ಎದುರು ಕೂತದ್ದು ಅದೇ ಮೊದಲು.

ಮುಂದಿನ ಸೋಮವಾರ ಸರ್ ಅವರ ಮನೆಯವರು ಶೇಂಗಾ ಹೋಳಿಗೆ ಮಾಡಿ ಡಬ್ಬಿ ಕಟ್ಟಿ ಕಳಿಸಿದ್ದರು. ಸರ್ ಆ ಡಬ್ಬಿಯನ್ನು, ಹಿಂದೆ ಲೇಸರ್ ತಂದ ಹಾಗೆ, ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದರು. ಲ್ಯಾಬಿನ ಮೆಟ್ಟಿಲ ಮೇಲೆ ಇಬ್ಬರೂ ಕೂತು ತಿಂದರು. ನನಗೂ ಒಂದು ಕೊಟ್ಟರು. "ಹೀಲಿಯಂ ಕೆಲಸ ಛಲೋ ಆತು ಸಾಬಣ್ಣಾ" ಎಂದರು ಸರ್. "ಹೋಳಿಗಿ ಸಿಗೋದಿದ್ರ ದಿನಾ ಹೊಡೀತೇನ್ರಿ" ಎಂದ ಅವನು.

ಮರುವರ್ಷ ಖಂಡೇನವಮಿಗೆ ಲ್ಯಾಬಿನಲ್ಲಿ ಮೊದಲ ವಿಭೂತಿ ಬಿದ್ದದ್ದು ಆ ಬಿದಿರಿನ ಕೋಲಿಗೆ. ಸರ್ ತಾವೇ ಹಚ್ಚಿದರು. ಲೇಸರಿಗೆ ದೂರದಿಂದ ಕೈ ಮುಗಿದೆವು.

ಸಾಬಣ್ಣ ನಿವೃತ್ತನಾಗಿ ಇಜೇರಿಗೆ ಹೋದ. ಸರ್ ಕೂಡ ನಿವೃತ್ತರಾದರು. ಎಪ್ಪತ್ತು ದಾಟಿದ ಮೇಲೂ ಸಿಕ್ಕಾಗಲೆಲ್ಲ ಬಲ ಮಣಿಕಟ್ಟು ತೋರಿಸಿ, ಮಳೆ ಬರುವ ಮೊದಲು ಇದು ನೋಯುತ್ತದೆ, ನೋಯುವಾಗ ಬದುಕಿದ್ದೇನೆ ಎಂದು ಸಂತೋಷವಾಗುತ್ತದೆ ಎನ್ನುತ್ತಿದ್ದರು. ಅವರ ಮೊಮ್ಮಕ್ಕಳನ್ನು ನಾನು ಎತ್ತಿ ಆಡಿಸಿದ್ದೇನೆ. ಆಗೆಲ್ಲ ನನಗೆ ಸಾಬಣ್ಣನ ನೆನಪಾಗುತ್ತಿತ್ತು.

ಆ ಕೋಲನ್ನು ಅವನು ಲ್ಯಾಬಿಗೇ ಬಿಟ್ಟು ಹೋಗಿದ್ದ. ನಾನು ನಿವೃತ್ತಳಾಗುವ ತನಕ ಅದು ಬಾಗಿಲ ಹಿಂದೆಯೇ ಇತ್ತು. ಅವತ್ತಿನ ಕಿಡಿಗೆ ಹಿತ್ತಾಳೆಯ ಕೊಕ್ಕೆಯ ಮೇಲೆ ಎಳ್ಳುಕಾಳಿನಷ್ಟು ಒಂದು ಕಪ್ಪು ಚುಕ್ಕೆ ಬಿದ್ದಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗದ್ದು. ಪ್ರತಿ ವರ್ಷ ಹೊಸ ಮಕ್ಕಳು ಬಂದು, "ಮೇಡಂ, ಲೇಸರಿನ ಕೆಂಪು ಚುಕ್ಕಿ ತೋರ್ಸರಿ" ಎಂದು ಗಂಟು ಬೀಳುತ್ತಿದ್ದರು. ತೋರಿಸುತ್ತಿದ್ದೆ. ಆದರೆ ಅದಕ್ಕೆ ಮೊದಲು ಅವರನ್ನು ಬಾಗಿಲ ಹಿಂದೆ ಕರೆದುಕೊಂಡು ಹೋಗಿ, ಒಬ್ಬೊಬ್ಬರ ಬೆರಳನ್ನೂ ಹಿಡಿದು ಆ ಕಪ್ಪು ಚುಕ್ಕೆಯ ಮೇಲೆ ಇಡಿಸುತ್ತಿದ್ದೆ.